ಮಳೆ ಹನಿಯೂ ಕಾಣುವ ಹಾಗೆ ಚೀನೀ ದೇವಸ್ಥಾನದ ಫೋಟೊ

ಸಿಂಗಪುರದ ತೆಲೊಕ್ ಆಯರ್ ಬೀದಿಯಲ್ಲಿ ಥಿಯಾನ್ ಹಾಕ್ ಕೆಂಗ್ ದೇವಸ್ಥಾನವಿದೆ. ಮಳೆ ಬಂದಾಗ ಅಲ್ಲಿಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಫೋನು, ರಸ್ತೆಯಿಂದಲೇ ನಾಲ್ಕು ಕ್ಲಿಕ್. ಆಮೇಲೆ ನೋಡಿದರೆ ಬೆಳ್ಳಗಿನ ಆಕಾಶ, ಕಪ್ಪು ಚಾವಣಿ, ಹಿಂದೆ ಆಫೀಸು ಕಟ್ಟಡಗಳು. ಮಳೆ ಮಾತ್ರ ನಾಪತ್ತೆ!

ಹಂತ 1: ನವೆಂಬರ್‌ನಿಂದ ಜನವರಿವರೆಗೆ ಅಲ್ಲಿ ಮಳೆ ಜಾಸ್ತಿ. ಆಗಲೇ ಹೋಗಿ.

ಹಂತ 2: ಕೊಡೆ ಬಿಡಿ, ರೇನ್‌ಕೋಟ್ ಹಾಕಿ. ಕ್ಯಾಮೆರಾಗೆಂದು ಮಾರುವ ಅಗ್ಗದ ಪ್ಲಾಸ್ಟಿಕ್ ಕವರ್ ಕೊಳ್ಳಬೇಡಿ, ಒಳಗೇ ಬೆವರುತ್ತದೆ. ಹೋಟೆಲಿನ ಶವರ್ ಕ್ಯಾಪ್ ಸಾಕು. ಎಸಿ ರೈಲಿನಿಂದ ಇಳಿದ ತಕ್ಷಣ ಕ್ಯಾಮೆರಾ ತೆಗೆದರೆ ಲೆನ್ಸ್ ಮಂಜಾಗುತ್ತದೆ. ಅಂಗಿಯಿಂದ ಉಜ್ಜಬೇಡಿ, ಮತ್ತೆ ಮಂಜು ಕೂರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಕಾಲು ಗಂಟೆ ಬಿಡಿ.

ಹಂತ 3: ಒಳಗೆ ಹೋಗಿ. ಹೊಸಿಲು ಎತ್ತರವಿದೆ, ದಾಟಿ, ಮೆಟ್ಟಬೇಡಿ. ಚೀನಾದ ಫುಜಿಯನ್ ಕಡೆಯಿಂದ ಬಂದ ಹೊಕ್ಕಿಯನ್ ವಲಸಿಗರು ಸಮುದ್ರ ದೇವತೆ ಮಾಜುವಿಗಾಗಿ 1839ರಿಂದ 1842ರ ನಡುವೆ ಇದನ್ನು ಕಟ್ಟಿಸಿದಾಗ ಎದುರಿಗೇ ಕಡಲಿತ್ತು. ಆಮೇಲೆ ಕಡಲಿಗೆ ಮಣ್ಣು ತುಂಬಿಸಿದರು. ಈಗ ಸುತ್ತಲೂ ಎತ್ತರದ ಕಟ್ಟಡಗಳು, ಹೊರಗಿನಿಂದ ಅಗಲದ ಫೋಟೊಗೆ ಜಾಗವೇ ಇಲ್ಲ. ಒಳಗೆ ಹಾಗಲ್ಲ. ನಮ್ಮ ತೊಟ್ಟಿಮನೆಯಂತೆ ನಡುವೆ ತೆರೆದ ಅಂಗಳವಿದೆ, ಮಳೆ ಅಲ್ಲೇ ಸುರಿಯುತ್ತದೆ.

ಹಂತ 4: ಎಲ್ಲರೂ ಎಡವುವುದು ಇಲ್ಲಿಯೇ. ಬಿಳಿ ಆಕಾಶದ ಎದುರು ಮಳೆ ಹನಿ ಎಲ್ಲಿ ಕಾಣಬೇಕು? ಹಿನ್ನೆಲೆ ಕಪ್ಪಗಿರಬೇಕು. ಪ್ರವೇಶ ಮಂಟಪದ ಸೂರಿನ ಕೆಳಗೆ ನಿಂತು, ಅಂಗಳದಾಚೆಯ ಗರ್ಭಗುಡಿಯ ಕತ್ತಲಿಗೆ ಕ್ಯಾಮೆರಾ ಹಿಡಿಯಿರಿ. ಆಕಾಶ ಚೌಕಟ್ಟಿನೊಳಗೆ ಬರಲೇಬಾರದು. ಫೋಕಸ್ ಹನಿಗಳ ಹಿಂದೆ ಓಡುತ್ತದೆ. ಅದನ್ನು ಡ್ರ್ಯಾಗನ್ ಕೆತ್ತಿದ ಕಲ್ಲಿನ ಕಂಬದ ಮೇಲೆ ಕೂರಿಸಿ, ಲಾಕ್ ಮಾಡಿ. ಶಟರ್ ವೇಗ ಸೆಕೆಂಡಿನ 1/500 ಇಟ್ಟರೆ ಹನಿಗಳು ಚುಕ್ಕಿಗಳಾಗಿ ನಿಲ್ಲುತ್ತವೆ, 1/60 ಇಟ್ಟರೆ ಎಳೆಗಳಾಗುತ್ತವೆ. ನನ್ನ ಮಾತು ಕೇಳುವುದಾದರೆ 1/60. ಚುಕ್ಕಿಗಳನ್ನು ನೋಡಿದವರು ಲೆನ್ಸ್ ಗಲೀಜಾಗಿದೆ ಅಂದುಕೊಳ್ಳುತ್ತಾರೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದರೆ ಕೈ ಅಲುಗುವುದಿಲ್ಲ. ಕ್ಯಾಮೆರಾದಲ್ಲಿ ಬೆಳಕು (ಎಕ್ಸ್‌ಪೋಶರ್) ಸ್ವಲ್ಪ ಕಡಿಮೆ ಮಾಡಿ, ಇಲ್ಲದಿದ್ದರೆ ಲಾಟೀನಿನ ಕೆಂಪು, ಕೆತ್ತನೆಯ ಚಿನ್ನದ ಬಣ್ಣ ಎರಡೂ ಬಿಳಿಚಿಕೊಳ್ಳುತ್ತವೆ. ಫ್ಲ್ಯಾಶ್ ಖಂಡಿತ ಬೇಡ. ಹತ್ತಿರದ ಹನಿಗಳೆಲ್ಲ ಬಿಳಿ ಉಂಡೆಗಳಾಗುತ್ತವೆ, ಕೈಮುಗಿದು ನಿಂತವರಿಗೂ ಕಿರಿಕಿರಿ.

ಹಂತ 5: ಒದ್ದೆ ಕಲ್ಲಿನ ನೆಲಕ್ಕೆ ಒಂದು ಗೇಣಿನಷ್ಟು ಹತ್ತಿರಕ್ಕೆ ಕ್ಯಾಮೆರಾ ಇಳಿಸಿದರೆ ಲಾಟೀನುಗಳ ಪ್ರತಿಬಿಂಬ ಸಿಗುತ್ತದೆ. ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಇದ್ದರೆ ಈಗ ಬಿಚ್ಚಿ, ಅದು ಪ್ರತಿಬಿಂಬವನ್ನೇ ನುಂಗಿಬಿಡುತ್ತದೆ. ಚಾವಣಿಯ ನೆತ್ತಿಯಲ್ಲಿ ಬಣ್ಣದ ಪಿಂಗಾಣಿ ಚೂರುಗಳ ಡ್ರ್ಯಾಗನ್‌ಗಳಿವೆ, ಮಳೆ ನಿಂತ ಕೂಡಲೇ ಝೂಮ್ ಮಾಡಿ ತೆಗೆಯಿರಿ.

ಹಂತ 6: ರೂಮಿಗೆ ಬಂದ ಮೇಲೆ ಕ್ಯಾಮೆರಾವನ್ನು ಒಣ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ತೆಗೆದು ಫ್ಯಾನಿನ ಕೆಳಗಿಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಅಕ್ಕಿಯ ಪುಡಿ ಸಂದುಗಳಿಗೆ ಸೇರುತ್ತದೆ.