ಚಿಲ್ಲರ್ ಇಲ್ಲದೆ ಮುಂಬೈಯಲ್ಲಿ ರೀಫ್ ಟ್ಯಾಂಕ್: ನನ್ನ ಅನುಭವ

ಮನೆಯಲ್ಲೇ ಉಪ್ಪುನೀರಿನಲ್ಲಿ ಜೀವಂತ ಹವಳ ಸಾಕುವ ರೀಫ್ ಟ್ಯಾಂಕ್ ಅಂದ ಕೂಡಲೇ ಎಲ್ಲರೂ ಲೈಟಿನ ರೇಟು ಕೇಳುತ್ತಾರೆ. ಮುಂಬೈಯಲ್ಲಿ ಜೇಬು ಸುಡೋದು ಲೈಟಲ್ಲ, ಸೆಕೆ. ನನ್ನದು ಮುಲುಂಡಿನ ಫ್ಲ್ಯಾಟಿನ ಹಾಲಿನಲ್ಲಿರುವ 70 ಲೀಟರಿನ ಗಾಜಿನ ಟ್ಯಾಂಕ್. ಅದರ ನೀರು 25–26 ಡಿಗ್ರಿ ಇದ್ದರೆ ಹವಳಕ್ಕೆ ಹಿತ, 30 ದಾಟಿದರೆ ಕಷ್ಟ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್ ತರೋಣ ಅಂದ್ರೆ ಆ ದುಡ್ಡಿಗೆ ಇನ್ನೊಂದು ಟ್ಯಾಂಕೇ ಬರುತ್ತದೆ, ಮೇಲೆ ಕರೆಂಟ್ ಬಿಲ್ಲು ಬೇರೆ.

ಅದಕ್ಕೆ ಮುಚ್ಚಳ ತೆಗೆದು ಬಲೆ ಹಾಕಿದೆ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನುಗಳನ್ನು ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಕೂರಿಸಿದೆ. ನೀರು ಆವಿಯಾದಷ್ಟೂ ಟ್ಯಾಂಕ್ ತಣ್ಣಗಾಗುತ್ತದೆ, ಎರಡು ಮೂರು ಡಿಗ್ರಿ ಸಲೀಸಾಗಿ ಇಳಿಯುತ್ತದೆ. ಮಾರ್ಚಿನ ಒಣ ಬಿಸಿಲಿಗೆ ಇದು ಸಾಕು. ಮೇ ಕೊನೆಗೆ ಗಾಳಿಯೇ ಒದ್ದೆಯಾಗಿರುತ್ತದೆ ನೋಡಿ, ಆಗ ಫ್ಯಾನ್ ಸುಮ್ನೆ ತಿರುಗುತ್ತದೆ ಅಷ್ಟೆ. ಆ ವಾರಗಳಲ್ಲಿ ಲೈಟನ್ನು ಹಗಲು ಆರಿಸಿ ಸಂಜೆಯಿಂದ ನಡುರಾತ್ರಿವರೆಗೆ ಉರಿಸುತ್ತೇನೆ, ತೀರಾ ಏರಿದರೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಬಿರಡೆ ಬಿಗಿದು ತೇಲಿಬಿಡುತ್ತೇನೆ.

ಫ್ಯಾನ್ ಹಾಕಿದರೆ ನೀರು ಹೋಗುತ್ತದೆ, ಉಪ್ಪು ಹೋಗಲ್ಲ. ಹಾಗಾಗಿ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದಿದ್ದೇನೆ, ದಿನಾ ಬೆಳಿಗ್ಗೆ ಆ ಗೆರೆವರೆಗೆ ಸಿಹಿನೀರು, ಉಪ್ಪುನೀರಲ್ಲ. ಸಿಹಿನೀರಿನ ಸಾಂದ್ರತೆ 1 ಅಂದುಕೊಂಡರೆ ಟ್ಯಾಂಕಿನ ನೀರಿನದು 1.025ರ ಸುತ್ತ ನಿಲ್ಲಬೇಕು.

ಸಿಹಿನೀರು ಅಂದರೆ ನಲ್ಲಿ ನೀರಲ್ಲ. ಅಡುಗೆಮನೆಯ ಆರ್‌ಓ ಯಂತ್ರ ಸಾಕು, ಆದರೆ ಕುಡಿಯುವ ನೀರಿಗೆ ರುಚಿ ಬರಲೆಂದು ಅದು ಕೊನೆಯಲ್ಲಿ ಖನಿಜ ಸೇರಿಸುತ್ತದೆ. ಆ ಕಾರ್ಟ್ರಿಡ್ಜಿಗೆ ಮುಂಚೆಯೇ ಪೈಪಿಗೆ T ಆಕಾರದ ಒಂದು ಕವಲು ಜೋಡಿಸಿ, ಆ ನೀರನ್ನು ಉಳಿದ ಲವಣ ಹೀರುವ ಡಿಐ ರೆಸಿನ್ ಹರಳು ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, ಸೊನ್ನೆ. ಭಾತ್ಸಾ, ತಾನ್ಸಾ ಜಲಾಶಯಗಳ ಕಡೆಯಿಂದ ಬರುವ ನಮ್ಮ ನಲ್ಲಿ ನೀರು ಮೊದಲೇ ಮೆದು, ಖನಿಜ ಕಡಿಮೆ, ರೆಸಿನ್ ಬೇಗ ಮುಗಿಯಲ್ಲ. ವಾರಕ್ಕೆ ಏಳು ಲೀಟರ್ ಬದಲಿಸಲು ಸುಮಾರು 250 ಗ್ರಾಂ ಅಕ್ವೇರಿಯಂ ಉಪ್ಪು ಬೇಕು. ಕಡಲಿಂದಲೇ ಕ್ಯಾನಿನಲ್ಲಿ ತಂದ್ರೆ ಆಗಲ್ವಾ ಅಂತ ನೆಂಟರು ಕೇಳುತ್ತಾರೆ. ಊರಿನ ಕೊಳಚೆ ಹೊತ್ತ ಮೀಠಿ ನದಿ ಎಲ್ಲಿ ಹೋಗಿ ಸೇರುತ್ತದೆ ಅಂತ ಅವರನ್ನೇ ಕೇಳುತ್ತೇನೆ.

ಒಳಗೆ ಏನಿಡಬೇಕು ಅನ್ನೋದನ್ನು ಅರ್ಧ ಕಾನೂನೇ ತೀರ್ಮಾನಿಸಿದೆ. ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಹುಲಿಯ ಜೊತೆಗೇ. ಕುರ್ಲಾದ ಅಕ್ವೇರಿಯಂ ಅಂಗಡಿಗಳಲ್ಲಿ ಯಾರಾದರೂ ಮೆಲ್ಲಗೆ ತೋರಿಸಿದರೂ ಬೇಡ ಅನ್ನಿ. ಕಡಲಿಂದ ಕಿತ್ತು ತಂದ ಕಲ್ಲೂ ಬೇಡ, ಸೆರಾಮಿಕ್ ಕಲ್ಲು ಹಾಕಿ ಜೀವಿಗಳಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಿರಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಕಲ್ಲು ಹವಳದ ಬದಲು ಮೆತ್ತನೆಯ ಜೊಅಂಥಿಡ್, ಮಶ್ರೂಮ್ ಹವಳಗಳನ್ನಿಡಿ, ಅವಕ್ಕೆ ದುಬಾರಿ ಲೈಟೂ ಬೇಡ. ಜೊಅಂಥಿಡ್ ಬೆಳಿಗ್ಗೆ ಕಂದು ಗುಬುಟಿನಂತೆ ಮುಚ್ಚಿಕೊಂಡಿರುತ್ತದೆ. ಲೈಟ್ ಹತ್ತಿದ ಸ್ವಲ್ಪ ಹೊತ್ತಿಗೆ ಸುತ್ತಲಿನ ಎಳೆಗಳು ಒಂದೊಂದೇ ಬಿಚ್ಚಿ ನಡುವಿನ ಹಸಿರು ಕಾಣುತ್ತದೆ. ಗ್ಲೌಸ್ ಇಲ್ಲದೆ ಮಾತ್ರ ಅದನ್ನು ಮುಟ್ಟಬೇಡಿ, ಅದು ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಆವಿಯ ಜೊತೆ ಶ್ವಾಸಕೋಶಕ್ಕೇ ಹೋಗುತ್ತದೆ.