ತುದಿಗೆ ನಿಂತ ಕಾಕಾ ಫೋಟೊದಲ್ಲಿ ಉಳಿಯಬೇಕಾ? ಮೊದಲು ರೇಶಿಯೋ ನೋಡಿ

ಮದುವೆಯ ಗ್ರೂಪ್ ಫೋಟೊ ಫ್ರೇಮ್ ಹಾಕಿಸಿ ತಂದ ಮೇಲೆ ನೋಡಿದರೆ ತುದಿಗೆ ನಿಂತ ಕಾಕಾನ ಅರ್ಧ ಮುಖ ಇಲ್ಲ. ಎಲ್ಲರೂ ಬೈಯುವುದು ಫೋಟೊ ತೆಗೆದವನಿಗೆ. ಬಹಳ ಸಲ ತಪ್ಪು ರೇಶಿಯೋದ್ದು, ಅಂದ್ರೆ ಫೋಟೊದ ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕದ್ದು.

ಮೊದಲ ಕೆಲಸ ಸುಲಭ. ಫೋನ್ ಕ್ಯಾಮೆರಾದಲ್ಲಿ 4:3 (ಅಗಲ 4 ಪಾಲು, ಎತ್ತರ 3 ಪಾಲು) ಇಟ್ಟು ಮರೆತುಬಿಡಿ. 'ಫುಲ್' ಅಥವಾ 16:9 ಒತ್ತಿದರೆ ಫೋಟೊ ದೊಡ್ಡದಾಗುತ್ತದೆ ಅಂದುಕೊಂಡವರು ಜಾಸ್ತಿ. ಆಗುವುದು ಉಲ್ಟಾ. ಫೋನಿನ ಸೆನ್ಸರ್, ಅಂದ್ರೆ ಬೆಳಕು ಹಿಡಿಯುವ ಚಿಪ್, ಸಾಮಾನ್ಯವಾಗಿ 4:3 ಆಕಾರದ್ದು. 16:9 ಮಾಡಿದರೆ ಮೇಲೆ ಕೆಳಗೆ ಕತ್ತರಿಸಿ, 12 ಮೆಗಾಪಿಕ್ಸೆಲ್‌ನಲ್ಲಿ 9 ಮಾತ್ರ ಕೊಡುತ್ತದೆ. ಗೋಳಗುಮ್ಮಟದ ಮುಂದೆ ಫೋನ್ ಅಡ್ಡ ಹಿಡಿದವರನ್ನು ನೋಡಿ, ಗುಮ್ಮಟದ ನೆತ್ತಿ ಸಿಗಲ್ಲ ಅಂತ ಹಿಂದೆ ಹಿಂದೆ ಸರಿಯುತ್ತಲೇ ಇರುತ್ತಾರೆ. ಆ ಕಟ್ಟಡದ ಅಗಲ, ಎತ್ತರ ಹೆಚ್ಚೂ ಕಡಿಮೆ ಒಂದೇ, ಅದಕ್ಕೆ 4:3 ಅಥವಾ 1:1 ಒಪ್ಪುತ್ತದೆ. ಬುರುಜಿನ ಮೇಲೆ ಉದ್ದಕ್ಕೆ ಮಲಗಿರುವ ಮಲಿಕ್-ಎ-ಮೈದಾನ್ ತೋಪಿಗೆ 16:9 ಚೆನ್ನ. ಆದರೂ ಅದನ್ನು 4:3ರಲ್ಲೇ ತೆಗೆದು ಆಮೇಲೆ ಕತ್ತರಿಸಿ.

ಎರಡನೆಯದು, ಫೋಟೊ ಎಲ್ಲಿಗೆ ಹೋಗುತ್ತದೆ ಅಂತ ತೀರ್ಮಾನಿಸಿ. ವಾಟ್ಸಾಪ್ ಸ್ಟೇಟಸ್‌ಗೆ 9:16, ಟಿವಿಗೆ 16:9. ಮುಗೀತು.

ಗೋಡೆಗೆ ಹೋಗುವುದಿದ್ದರೆ ಸ್ವಲ್ಪ ತಡೀರಿ, ಎಲ್ಲ ಕೆಡುವುದು ಇಲ್ಲೇ. ಸ್ಟುಡಿಯೋದ 4×6, 8×12, 12×18 ಇಂಚು ಎಲ್ಲವೂ 3:2. 35 ಎಂಎಂ ರೀಲಿನ ಕಾಲದ ಆಕಾರ ಇದು, ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾಗಳಾದ ಡಿಎಸ್‌ಎಲ್‌ಆರ್‌ಗಳಲ್ಲೂ ಹೆಚ್ಚಾಗಿ ಇದೇ. 8×10 ಬೇರೆ ಜಾತಿ, ಅದು 5:4. ಡಿಎಸ್‌ಎಲ್‌ಆರ್‌ನಲ್ಲಿ ತೆಗೆದ ಗ್ರೂಪ್ ಫೋಟೊವನ್ನು 8×10 ಮಾಡಿಸಿದರೆ ಅಗಲದಲ್ಲಿ ಆರನೇ ಒಂದು ಪಾಲು ಹೋಯಿತು. ಈ ತುದಿಯಿಂದ ಆ ತುದಿಯವರೆಗೆ ಹನ್ನೆರಡು ಜನ ಒತ್ತಿ ನಿಂತಿದ್ದರೆ ಎರಡೂ ಕಡೆ ಒಬ್ಬೊಬ್ಬರು ಔಟ್! ಫೋನಿನ 4:3ಕ್ಕೆ ಅದೇ 8×10 ಚೆನ್ನಾಗಿ ಕೂಡುತ್ತದೆ, ಹೋಗುವುದು ಹದಿನಾರರಲ್ಲಿ ಒಂದು ಪಾಲು. ಆದರೆ 4×6ಕ್ಕೆ ಹಾಕಿದರೆ ಎತ್ತರದಲ್ಲಿ ಒಂಬತ್ತನೇ ಒಂದು ಪಾಲು ಹಾರಿ, ಮದುಮಗನ ಪೇಟದ ತುರಾಯಿಯೋ ಕಾಲೋ ಮಾಯ. ಹಾಗಾಗಿ ತೆಗೆಯುವಾಗಲೇ ಸುತ್ತ ಜಾಗ ಬಿಡಿ, ಗ್ರೂಪ್ ಇದ್ದರೆ ಎರಡೂ ತುದಿಗೆ ಇನ್ನೊಬ್ಬೊಬ್ಬರು ನಿಲ್ಲುವಷ್ಟು. ಪ್ರಿಂಟಿಗೆ ಕೊಡುವ ಮೊದಲು ಕ್ರಾಪ್ ನೀವೇ ಮಾಡಿ, ಅದೂ ಕಾಪಿ ಮೇಲೆ. ಅಂಗಡಿ ಹುಡುಗನಿಗೆ ಬಿಟ್ಟರೆ ಎರಡೂ ಕಡೆ ಸಮ ಕತ್ತರಿಸಿ ಕೈ ತೊಳೆದುಕೊಳ್ಳುತ್ತಾನೆ. ನಿಮ್ಮ ಕಾಕಾ ಯಾರು ಅಂತ ಅವನಿಗೇನು ಗೊತ್ತು?

ಅಗ್ಗಕ್ಕೆ ಸಿಕ್ಕಿತು ಅಂತ ಫ್ರೇಮ್ ಮೊದಲು ಕೊಳ್ಳಬೇಡಿ. ಖಾಲಿ ಜಾಗಕ್ಕೆ ಮಬ್ಬು ಬಳಿಯುವ ಆ್ಯಪ್‌ಗಳು ನನಗಂತೂ ಸೇರಲ್ಲ. ಫೋಟೊ ಎಳೆದು ಹೊಂದಿಸುವುದು ಬೇಡವೇ ಬೇಡ, ಮದುಮಗಳ ಮುಖ ಜೋಳದ ರೊಟ್ಟಿಯಾಗುತ್ತದೆ. ಅಳತೆ ಕೂಡದಿದ್ದರೆ ಬಿಳಿ ಅಂಚು ಬಿಟ್ಟು ಪ್ರಿಂಟ್ ಹಾಕಿ ಅನ್ನಿ. ಒಂಚೂರೂ ಕತ್ತರಿಸುವುದು ಬೇಡ, ನೋಡಲೂ ನೀಟಾಗಿರುತ್ತದೆ.