ಘಾಟಿಯಲ್ಲಿ ನೆಟ್ ಹೋದರೂ ಕೋಡ್ ನಿಲ್ಲದ ಹಾಗೆ

ಮನೆ ಪುಣೆಯಲ್ಲಿ, ವಾರಕ್ಕೆರಡು ದಿನ ಆಫೀಸು ಮುಂಬೈಯಲ್ಲಿ. ಬೆಳಗ್ಗೆ ಡೆಕ್ಕನ್ ಕ್ವೀನ್ ರೈಲು ಹತ್ತಿದರೆ ಲೋಣಾವಳದವರೆಗೆ ಹಾಟ್‌ಸ್ಪಾಟ್ ಚೆನ್ನಾಗಿಯೇ ಇರುತ್ತದೆ. ಆಮೇಲೆ ಘಾಟಿ, ಸುರಂಗದ ಹಿಂದೆ ಸುರಂಗ. ಕರ್ಜತ್ ಬರುವ ತನಕ ನೆಟ್ ನಂಬಿ ಕೂತರೆ ಕೆಟ್ಟಿರಿ. 'ಅಷ್ಟು ಹೊತ್ತು ಎಂತ ಕೆಲಸ ಮಾಡ್ತೀರಿ ಮಾರಾಯ್ರೇ?' ಅಂತ ಊರಿನ ಹುಡುಗರು ಕೇಳ್ತಾರೆ. ಹೇಳ್ತೇನೆ.

ಮೊದಲು ಟಿಮಕ್ಸ್, ಅಂದರೆ ನೆಟ್ ಕಡಿದರೂ ನಿಮ್ಮ ಟರ್ಮಿನಲ್ ಅನ್ನು ಸರ್ವರ್‌ನಲ್ಲಿ ಹಾಗೇ ಓಡಿಸುತ್ತಿರುವ ಪ್ರೋಗ್ರಾಂ. ಸರ್ವರ್‌ಗೆ ಲಾಗಿನ್ ಆದ ಕೂಡಲೇ ಅದನ್ನು ಶುರು ಮಾಡಿ, ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ಅದರೊಳಗೇ ಓಡಿಸಿ. ಕನೆಕ್ಷನ್ ಕಡಿದರೂ ಬಿಲ್ಡ್ ನಿಲ್ಲುವುದಿಲ್ಲ. ಮತ್ತೆ ಬಂದು 'ಟಿಮಕ್ಸ್ ಅಟ್ಯಾಚ್' ಕೊಟ್ಟರೆ ಅದೇ ಸ್ಕ್ರೀನ್ ಸಿಗುತ್ತದೆ.

ಆದರೆ ಸುರಂಗಕ್ಕೊಮ್ಮೆ ಲಾಗಿನ್ ಆಗೋದು ಯಾರಿಗೆ ಬೇಕು, ಅಲ್ವಾ? ಅದಕ್ಕೆ ಮಾಶ್ ಹಾಕಿಕೊಳ್ಳಿ, ನೆಟ್ ಹೋಗಿ ಬಂದರೂ ಸರ್ವರ್ ಜತೆ ಸಂಪರ್ಕ ಉಳಿಸುವ ಪ್ರೋಗ್ರಾಂ ಅದು. ಲಾಗಿನ್ ಎಸ್‌ಎಸ್‌ಎಚ್‌ನಲ್ಲೇ (ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಮಾಮೂಲಿ ದಾರಿ) ಆಗುತ್ತದೆ, ಮುಂದಿನ ಮಾತುಕತೆ ಯುಡಿಪಿಯಲ್ಲಿ (ಸಂಪರ್ಕ ಹಿಡಿದಿಡದೆ ಡೇಟಾ ಕಳಿಸುವ ರೀತಿ). ಮೊಬೈಲ್‌ನ ಐಪಿ ಬದಲಾದರೂ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೂ ಸೆಷನ್ ಹೋಗುವುದಿಲ್ಲ. ನೆಟ್ ಎಳೆದಾಡುವಾಗ, ಸರ್ವರ್ ಉತ್ತರಕ್ಕೆ ಕಾಯದೆ, ನೀವು ಒತ್ತಿದ ಅಕ್ಷರಗಳನ್ನು ಅಡಿಗೆರೆ ಹಾಕಿ ತೋರಿಸುತ್ತದೆ. ಒಂದು ಕೊರತೆ: ಮೇಲೆ ಸರಿದುಹೋದ ಸಾಲುಗಳನ್ನು ಮಾಶ್ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಮಾಶ್ ಒಳಗೆ ಟಿಮಕ್ಸ್, ಎರಡೂ ಬೇಕು.

ಸರ್ವರ್‌ನಲ್ಲೂ ಮಾಶ್ ಇರಬೇಕು. ಅದು ಮಾಮೂಲಾಗಿ 60000ರಿಂದ 61000ರವರೆಗಿನ ಯುಡಿಪಿ ಪೋರ್ಟ್‌ಗಳಲ್ಲಿ (ಸರ್ವರ್‌ನ ನಂಬರು ಹಾಕಿದ ಬಾಗಿಲುಗಳಲ್ಲಿ) ಒಂದನ್ನು ಹಿಡಿಯುತ್ತದೆ. ಅಷ್ಟನ್ನೂ ತೆರೆಯಿರಿ ಅಂದರೆ ಯಾವ ನೆಟ್‌ವರ್ಕ್ ತಂಡವೂ ಒಪ್ಪಲ್ಲ. ಹತ್ತು ಪೋರ್ಟ್ ಕೇಳಿ, ಮಾಶ್‌ಗೂ ಅಷ್ಟನ್ನೇ ಬಳಸು ಅಂತ ಹೇಳಿ.

ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ, ಲೋಣಾವಳಕ್ಕೆ ಮುಂಚೆ 'ಗಿಟ್ ಫೆಚ್' ಮಾಡಿ ಹೊಸ ಬದಲಾವಣೆಗಳನ್ನು ಇಳಿಸಿಬಿಡಿ. ಲಾಗ್ (ಇತಿಹಾಸ ನೋಡಲು), ಬ್ಲೇಮ್ (ಯಾವ ಸಾಲು ಯಾರು ಬರೆದದ್ದು ಅಂತ ನೋಡಲು), ಕಮಿಟ್ (ಬದಲಾವಣೆ ದಾಖಲಿಸಲು) ಯಾವುದಕ್ಕೂ ನೆಟ್ ಬೇಡ. ನನಗೆ ಘಾಟಿಯಲ್ಲಿ ಜಾಸ್ತಿ ಕೆಲಸಕ್ಕೆ ಬರೋದು ಬೈಸೆಕ್ಟ್. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ತೋರಿಸಿದರೆ ನಡುವನ್ನು ಅರ್ಧ ಅರ್ಧ ಮಾಡುತ್ತಾ ಹೋಗುತ್ತದೆ. ಸಾವಿರ ಕಮಿಟ್ ಇದ್ದರೂ ಸುಮಾರು ಹತ್ತು ಹಂತದಲ್ಲಿ ಬಗ್ ತಂದ ಕಮಿಟ್ ಸಿಗುತ್ತದೆ. ಟೆಸ್ಟ್ ಸ್ಕ್ರಿಪ್ಟ್ ಇದ್ದರೆ ಇನ್ನೂ ಸುಖ: 'ಬೈಸೆಕ್ಟ್ ರನ್' ಕೊಟ್ಟು ಡೈನಿಂಗ್ ಕಾರ್‌ಗೆ ಹೋಗಿ ಕಟ್ಲೆಟ್ ತಿಂದು ಬರಬಹುದು.

ಡಾಕ್ಯುಮೆಂಟೇಶನ್‌ಗೆ, ನೆಟ್ ಇಲ್ಲದೆಯೂ ಓದಲು ಬಿಡುವ ಜೀಲ್ ಸಾಕು, ಮನೆಯ ವೈಫೈಯಲ್ಲೇ ಇಳಿಸಿಟ್ಟುಕೊಳ್ಳಿ. ಮ್ಯಾಕ್ ಇದ್ದವರಿಗೆ ಅದೇ ಕೆಲಸದ ಡ್ಯಾಶ್.

ಹಳೆ ಕಮಾಂಡ್ ಹುಡುಕಲು ಎಫ್‌ಝಡ್‌ಎಫ್ ಅನ್ನೋ ಹುಡುಕಾಟದ ಟೂಲ್ ಹಾಕಿ ಕಂಟ್ರೋಲ್-ಆರ್ ಒತ್ತಿ, ನೆನಪಿರುವ ಎರಡಕ್ಷರ ಹೊಡೆದರೆ ಸಾಕು. ಬ್ಯಾಶ್ (ನಿಮ್ಮ ಕಮಾಂಡ್ ಓಡಿಸುವ ಶೆಲ್) ತಾನಾಗಿ ನೆನಪಿಡೋದು 500 ಕಮಾಂಡ್ ಮಾತ್ರ. ಹಿಸ್ಟ್‌ಸೈಜ್, ಹಿಸ್ಟ್‌ಫೈಲ್‌ಸೈಜ್ (ನೆನಪಿನಲ್ಲಿ, ಫೈಲಿನಲ್ಲಿ ಇಡುವ ಕಮಾಂಡ್‌ಗಳ ಮಿತಿ) ಎರಡನ್ನೂ 50000ಕ್ಕೆ ಏರಿಸಿ.